ಸೇನಾನಿಗೆ ‘ಆಗದು’ ಎನ್ನುವ ವಕೀಲ

ಪ್ರತಿವರ್ಷ ಸೆಪ್ಟೆಂಬರ್ 30ನೆಯ ತಾರೀಖಿನ ರಾತ್ರಿ ಅಮೆರಿಕದ ಸೇನಾ ನೆಲೆಗಳಲ್ಲಿ ಕೆಲವು ಕಚೇರಿಗಳ ದೀಪ ಬಹಳ ಹೊತ್ತಿನವರೆಗೆ ಆರುವುದಿಲ್ಲ. ಇದಕ್ಕೆ ಕಾರಣ ಶತ್ರುಭಯವಲ್ಲ. ಅಂದು ಆ ದೇಶದ ಹಣಕಾಸಿನ ವರ್ಷ ಮುಗಿಯುತ್ತದೆ. ಸೈನ್ಯದ ದಿನನಿತ್ಯದ ಖರ್ಚಿಗೆಂದು ಅಲ್ಲಿಯ ಸಂಸತ್ತಾದ ಕಾಂಗ್ರೆಸ್ಸು ಮಂಜೂರು ಮಾಡಿದ ಹಣದಲ್ಲಿ, ನಡುರಾತ್ರಿಯೊಳಗೆ ಯಾವ ಕರಾರಿಗೂ ಕಟ್ಟುಬೀಳದೆ ಉಳಿದದ್ದು ಬೆಳಗಾದರೆ ಹೊಸ ಕೆಲಸಕ್ಕೆ ಒದಗುವುದಿಲ್ಲ. ಉಳಿದ ಹಣವನ್ನು ಬಿಟ್ಟುಕೊಡಲು ಯಾವ ದಳಪತಿಗೆ ತಾನೆ ಮನಸ್ಸು ಬಂದೀತು? ಮುಂದಿನ ವರ್ಷಕ್ಕೆ ಬೇಕಾದುದನ್ನು ಈಗಲೇ ಕೊಂಡುಬಿಡೋಣ ಎನ್ನುತ್ತಾನೆ. ಕಡತ ವಕೀಲನ ಮೇಜಿಗೆ ಬರುತ್ತದೆ. ಈ ವರ್ಷದ ಹಣ ಈ ವರ್ಷದ ನಿಜವಾದ ಅಗತ್ಯಕ್ಕೆ ಮಾತ್ರ ಸಲ್ಲಬೇಕೆಂಬುದು ಅಲ್ಲಿಯ ಕಾನೂನು. ವಕೀಲ ಕಡತವನ್ನು ಓದುತ್ತಾನೆ, ಎರಡು ಪ್ರಶ್ನೆ ಕೇಳುತ್ತಾನೆ, ಕೊನೆಗೆ ‘ಆಗದು’ ಎಂದು ಬರೆದು ರುಜು ಹಾಕುತ್ತಾನೆ.

ಸೇನಾ ವಕೀಲನೆಂದೊಡನೆ ಚಲನಚಿತ್ರಪ್ರಿಯರ ಕಣ್ಣೆದುರು ಸುಳಿಯುವುದು ಕೋರ್ಟ್ ಮಾರ್ಷಲ್ಲಿನ ದೃಶ್ಯ: ತಪ್ಪಿತಸ್ಥ ಸಿಪಾಯಿ, ಗಂಭೀರವದನದ ನ್ಯಾಯಾಧೀಶರು, ಪಾಟೀಸವಾಲು. ಅದೂ ಅವನ ಕೆಲಸವೇ. 1775ರ ಜುಲೈ 29ರಂದು ವಿಲಿಯಂ ಟ್ಯೂಡರ್ ಎಂಬ ನ್ಯಾಯವಾದಿಯನ್ನು ಜಾರ್ಜ್ ವಾಷಿಂಗ್ಟನ್ನನ ಸೈನ್ಯಕ್ಕೆ ಜಡ್ಜ್ ಅಡ್ವೊಕೇಟ್ ಎಂದು ನೇಮಿಸಿದಾಗ ಎದುರಿಗಿದ್ದ ಉದ್ದೇಶವೂ ಸೈನ್ಯದ ಶಿಸ್ತೇ ಆಗಿತ್ತು. ಆದರೆ ಸೈನ್ಯ ತಿನ್ನಬೇಕು, ಉಡಬೇಕು, ಮಲಗಬೇಕು. ಅದಕ್ಕೆ ವಿಮಾನ ಬೇಕು, ಬೂಟು ಬೇಕು, ಕುಡಿಯುವ ನೀರೂ ಬೇಕು. ಇವೆಲ್ಲವೂ ಖಾಸಗಿಯವರಿಂದ ಕರಾರಿನ ಮೂಲಕವೇ ಬರಬೇಕು. ಇತ್ತೀಚಿನ ವರ್ಷಗಳಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಒಂದೇ ವರ್ಷದಲ್ಲಿ ಕರಾರುಗಳಿಗೆ ಕಟ್ಟುವ ಹಣ 40,000 ಕೋಟಿ ಡಾಲರನ್ನು ಮೀರಿದೆ. ಈ ಕರಾರುಗಳನ್ನು ಓದಿ ಅಭಿಪ್ರಾಯ ಕೊಡುವುದಕ್ಕೆಂದೇ ವಕೀಲರ ಒಂದು ಪಂಗಡವಿದೆ. ಕೆಲವರು ಸಮವಸ್ತ್ರದವರು, ಕೆಲವರು ಸಾಧಾರಣ ಉಡುಪಿನ ಸರಕಾರಿ ನೌಕರರು. ವರ್ಜೀನಿಯಾದ ಷಾರ್ಲಟ್ಸ್‌ವಿಲ್ ಎಂಬ ಊರಿನಲ್ಲಿ 1951ರಿಂದ ಭೂಸೇನೆಯ ಕಾನೂನು ಶಾಲೆಯೊಂದು ನಡೆಯುತ್ತಿದ್ದು, ಕರಾರು ಮತ್ತು ಹಣಕಾಸಿನ ಕಾನೂನನ್ನು ಅಲ್ಲಿ ಪ್ರತ್ಯೇಕ ವಿಷಯವಾಗಿ ಬೋಧಿಸುತ್ತಾರೆ.

ವಕೀಲನೆಂದಮೇಲೆ ಕಕ್ಷಿಗಾರನಿರಬೇಕಷ್ಟೆ. ಇವನ ಕಕ್ಷಿಗಾರ ಯಾರು? ದಿನವೂ ಎದುರಿಗೆ ಕುಳಿತು ಸಲಹೆ ಕೇಳುವವನು ದಳಪತಿ. ಆದರೆ ಕಕ್ಷಿಗಾರ ಅವನಲ್ಲ, ಸೈನ್ಯವೆಂಬ ಸಂಸ್ಥೆ. ಸಂಕಟವಿರುವುದು ಇಲ್ಲಿಯೇ. ಮೂವತ್ತು ದಾಟದ ಕ್ಯಾಪ್ಟನ್ನನೊಬ್ಬ, ಎದೆಯ ಮೇಲೆ ಸಾಲು ಪದಕ ಧರಿಸಿದ ಜನರಲ್ಲಿನ ಮುಂದೆ ನಿಂತು, “ತಾವು ಬಯಸಿದ್ದು ಕಾನೂನಿಗೆ ಒಪ್ಪದು” ಎನ್ನಬೇಕಾಗುತ್ತದೆ. ಸಲಹೆಯನ್ನು ತಳ್ಳಿಹಾಕಿ ಮುಂದುವರಿಯಲು ಜನರಲ್ಲಿಗೆ ದಾರಿಯುಂಟು; ಆದರೆ ವಕೀಲನ ಕಾಗದ ಕಡತದಲ್ಲಿ ಉಳಿದಿರುತ್ತದೆ, ಮುಂದೊಂದು ದಿನ ಲೆಕ್ಕ ಕೇಳುವವರ ಕೈಗೆ ಅದು ಸಿಕ್ಕೇ ಸಿಗುತ್ತದೆ. ಬರಿಯ ‘ಆಗದು’ ಎಂದು ಕೈತೊಳೆದುಕೊಳ್ಳುವ ವಕೀಲನಿಗೆ ಬೆಲೆಯಿಲ್ಲವೆಂಬುದನ್ನೂ ಹೇಳಬೇಕು. “ಹೀಗೆ ಮಾಡಿದರೆ ಆಗದು, ಹಾಗೆ ಮಾಡಿದರೆ ಆದೀತು” ಎನ್ನಬಲ್ಲವನನ್ನೇ ಸೈನ್ಯ ಹುಡುಕಿಕೊಂಡು ಹೋಗುತ್ತದೆ.

ಇನ್ನೊಂದು ವಿಚಿತ್ರವಿದೆ. ಸಾವಿರಾರು ಸೈನಿಕರನ್ನು ಸಾವಿನ ಬಾಯಿಗೆ ಕಳುಹಿಸಬಲ್ಲ ಸೇನಾನಿಗೆ, ಸರಕಾರದ ಹೆಸರಿನಲ್ಲಿ ಒಂದು ಲಾರಿ ಕೊಳ್ಳುವ ಕರಾರಿಗೆ ರುಜು ಹಾಕುವ ಅಧಿಕಾರ ಇಲ್ಲದೆ ಇರಬಹುದು. ಆ ಅಧಿಕಾರ ‘ಕಂಟ್ರಾಕ್ಟಿಂಗ್ ಆಫೀಸರ್’ ಎಂಬವನದು. ಎಷ್ಟು ಮೊತ್ತದವರೆಗೆ ಸರಕಾರವನ್ನು ಕಟ್ಟಿಹಾಕಬಹುದೆಂದು ಅವನಿಗೆ ಅಧಿಕಾರಪತ್ರ ಕೊಟ್ಟಿರುತ್ತಾರೆ. ಅಂಥ ಪತ್ರವಿಲ್ಲದವನು ಗುತ್ತಿಗೆದಾರನಿಗೆ ಎಷ್ಟೇ ದೊಡ್ಡ ಬಾಯಲ್ಲಿ ಮಾತು ಕೊಟ್ಟರೂ ಸಾಮಾನ್ಯವಾಗಿ ಸರಕಾರ ಅದಕ್ಕೆ ಬದ್ಧವಲ್ಲ. ನಮ್ಮ ಓದುಗರಿಗೆ ಇದು ತೀರ ಹೊಸದಾಗಿ ಕಾಣಬೇಕಾಗಿಲ್ಲ. ಭಾರತದ ಸಂವಿಧಾನದ 299ನೆಯ ವಿಧಿಯಂತೆ ಕೇಂದ್ರ ಸರಕಾರದ ಕರಾರುಗಳು ರಾಷ್ಟ್ರಪತಿಯ ಹೆಸರಿನಲ್ಲಿಯೇ, ಅಧಿಕಾರ ಪಡೆದವರ ರುಜುವಿನಿಂದಲೇ ಆಗಬೇಕು.

ಹಣ ಇದ್ದಮಾತ್ರಕ್ಕೆ ಖರ್ಚು ಮಾಡಬಹುದೆಂದು ತಿಳಿಯುವುದೂ ತಪ್ಪು. ಸೇನಾ ವಕೀಲರು ‘ಹಣದ ಬಣ್ಣ’ ಎಂದು ಒಂದು ಮಾತನ್ನಾಡುತ್ತಾರೆ. ದೈನಂದಿನ ಖರ್ಚಿನ ಹಣ ಒಂದು ಬಣ್ಣದ್ದು, ಕಟ್ಟಡದ ಹಣ ಇನ್ನೊಂದು, ಆಯುಧ ಕೊಳ್ಳುವ ಹಣ ಮತ್ತೊಂದು. ಒಂದರ ಬದಲು ಇನ್ನೊಂದನ್ನು ಬಳಸುವಂತಿಲ್ಲ. ಮದುವೆಗೆಂದು ಎತ್ತಿಟ್ಟ ಹಣವನ್ನು ಮನೆ ರಿಪೇರಿಗೆ ತೆಗೆಯುವ ಗೃಹಸ್ಥನನ್ನು ಯಾರೂ ಸೆರೆಮನೆಗೆ ಹಾಕುವುದಿಲ್ಲ. ಸೈನ್ಯದಲ್ಲಿ ಮಾತ್ರ, ಮಂಜೂರಾತಿಯನ್ನು ಬೇಕೆಂದೇ ಮೀರಿ ಸರಕಾರವನ್ನು ಸಾಲಕ್ಕೆ ಕಟ್ಟುವ ಅಧಿಕಾರಿಗೆ ಎರಡು ವರ್ಷದವರೆಗೆ ಸೆರೆ ವಿಧಿಸಬಹುದಾದ ಕಾನೂನಿದೆ. 1983–84ರಲ್ಲಿ ಮಧ್ಯ ಅಮೆರಿಕದ ಹೊಂಡುರಾಸ್ ದೇಶದಲ್ಲಿ ‘ಅಹುವಾಸ್ ತಾರಾ’ ಎಂಬ ಹೆಸರಿನ ಸಮರಾಭ್ಯಾಸ ನಡೆಯಿತು. ಅಭ್ಯಾಸದ ಹೆಸರಿನಲ್ಲಿ ಅಲ್ಲಿ ಶಿಬಿರಗಳನ್ನು ಕಟ್ಟಿದರು, ಆ ದೇಶದ ಸೈನಿಕರಿಗೆ ತರಬೇತಿ ಕೊಟ್ಟರು, ಹಳ್ಳಿಗರಿಗೆ ಔಷಧೋಪಚಾರವನ್ನೂ ಮಾಡಿದರು. ಎಲ್ಲಕ್ಕೂ ತೆಗೆದದ್ದು ದೈನಂದಿನ ಖರ್ಚಿನ ಹಣ. ಕಾಂಗ್ರೆಸ್ ಸದಸ್ಯ ಬಿಲ್ ಅಲೆಕ್ಸಾಂಡರ್ ಪ್ರಶ್ನೆ ಎತ್ತಿದರು. 1984ರಲ್ಲಿ ಕಾಂಗ್ರೆಸ್ಸಿನ ಲೆಕ್ಕಪರಿಶೋಧನಾ ಕಚೇರಿ, ಇವುಗಳಲ್ಲಿ ಬಹುಭಾಗ ತಪ್ಪು ಬಣ್ಣದ ಹಣದಿಂದ ನಡೆದ ಕೆಲಸವೆಂದು ತೀರ್ಮಾನಿಸಿತು. ರೋಗಿಗೆ ಮದ್ದು ಕೊಟ್ಟದ್ದು ತಪ್ಪೇ ಎಂದು ಓದುಗರು ಕೇಳಬಹುದು. ಮದ್ದು ಕೊಟ್ಟದ್ದು ತಪ್ಪಲ್ಲ. ಕಾಂಗ್ರೆಸ್ಸು ಅದಕ್ಕೆಂದು ಕೊಡದ ಹಣವನ್ನು ತೆಗೆದದ್ದು ತಪ್ಪು. 1986ರಲ್ಲಿ ಅಂಥ ನೆರವಿಗೆಂದೇ ಬೇರೆ ಕಾನೂನು ಬಂದಿತು.

ಇಷ್ಟು ಬಿಗಿ ಏಕೆ ಎಂಬುದಕ್ಕೆ ಹಳೆಯ ಕಥೆಗಳೇ ಉತ್ತರ. ಅಮೆರಿಕದ ಅಂತರ್ಯುದ್ಧದಲ್ಲಿ ಗುತ್ತಿಗೆದಾರರು ಹರಕುಬಟ್ಟೆಯ ನಾರಿನಿಂದ ನೇಯ್ದ ಸಮವಸ್ತ್ರಗಳನ್ನು ಸೈನ್ಯಕ್ಕೆ ಮಾರಿದರು. ಮಳೆಯಲ್ಲಿ ನೆನೆದೊಡನೆ ಅವು ಮೈಮೇಲೆಯೇ ಹರಿದವು. ಇಂಥ ಮೋಸವನ್ನು ತಡೆಯಲೆಂದು 1863ರ ಮಾರ್ಚ್ 2ರಂದು ಅಬ್ರಹಾಂ ಲಿಂಕನ್ ಒಂದು ಕಾಯಿದೆಗೆ ರುಜು ಹಾಕಿದರು. ಮೋಸವನ್ನು ಕಂಡ ಯಾವ ಪ್ರಜೆಯೂ ಸರಕಾರದ ಪರವಾಗಿ ದಾವೆ ಹೂಡಬಹುದು, ವಸೂಲಾದ ಹಣದಲ್ಲಿ ಪಾಲು ಪಡೆಯಬಹುದು ಎಂಬುದು ಅದರ ಸ್ವಾರಸ್ಯ. ತಿದ್ದುಪಡಿಗಳೊಡನೆ ಆ ಕಾಯಿದೆ ಇಂದಿಗೂ ಜೀವಂತವಾಗಿದೆ.

ಕಾಯಿದೆಯಿದ್ದರೂ ಕಾಯುವವರು ಇಲ್ಲದಿದ್ದರೆ ಏನಾದೀತೆಂಬುದನ್ನು ಇರಾಕ್ ಯುದ್ಧ ತೋರಿಸಿತು. ಕುವೈತಿನ ನೆಲೆಯೊಂದರಲ್ಲಿ ಖರೀದಿಯ ಹೊಣೆ ಹೊತ್ತಿದ್ದ ಮೇಜರನೊಬ್ಬ ಬಾಟಲಿ ನೀರು ಮೊದಲಾದ ಸರಬರಾಜಿನ ಕರಾರುಗಳಲ್ಲಿ 90 ಲಕ್ಷ ಡಾಲರಿಗೂ ಹೆಚ್ಚು ಲಂಚ ತಿಂದನೆಂದು ಸಿದ್ಧವಾಯಿತು; 2009ರಲ್ಲಿ ಅವನಿಗೆ ಹದಿನೇಳೂವರೆ ವರ್ಷ ಸೆರೆಯಾಯಿತು. ಜಾಕ್ ಗ್ಯಾನ್ಸ್ಲರ್ ಅವರ ಅಧ್ಯಕ್ಷತೆಯ ಸಮಿತಿ 2007ರಲ್ಲಿಯೇ, ಭೂಸೇನೆಯಲ್ಲಿ ಕರಾರಿನ ಕೆಲಸ ಬಲ್ಲವರು ಸಾಲದೆಂದು ಖಂಡತುಂಡವಾಗಿ ಹೇಳಿತ್ತು. ಇರಾಕ್ ಮತ್ತು ಅಫ್ಘಾನಿಸ್ತಾನಗಳಲ್ಲಿ ಕರಾರುಗಳ ಮೂಲಕ ಪೋಲಾದ ಹಾಗೂ ಮೋಸಹೋದ ಹಣ 3,100 ಕೋಟಿಯಿಂದ 6,000 ಕೋಟಿ ಡಾಲರ್ ಇದ್ದೀತೆಂದು 2011ರಲ್ಲಿ ಇನ್ನೊಂದು ಆಯೋಗ ಅಂದಾಜು ಮಾಡಿತು. ಬಂದೂಕು ಹಿಡಿಯುವವರನ್ನು ಹೆಚ್ಚಿಸಿದ ಮೇಲೆ ಕಡತ ಓದುವವರನ್ನೂ ಹೆಚ್ಚಿಸಬೇಕೆಂಬುದು ಯಾರಿಗೂ ತೋಚಲಿಲ್ಲವೇ ಎಂದು ಬೆರಗಾಗುತ್ತದೆ.

ಕರಾರು ಮಾಡುವುದಕ್ಕಿಂತ ಮುರಿಯುವುದು ಕಷ್ಟ. ಇಬ್ಬರು ಖಾಸಗಿ ವ್ಯಾಪಾರಿಗಳಲ್ಲಿ ಒಬ್ಬ ಕರಾರು ಮುರಿದರೆ ಇನ್ನೊಬ್ಬನಿಗೆ ಬರಬೇಕಾಗಿದ್ದ ಲಾಭವನ್ನೂ ತೆರಬೇಕಾದೀತು. ಅಮೆರಿಕದ ಸರಕಾರಕ್ಕೆ ಹಾಗಿಲ್ಲ. ‘ಸರಕಾರದ ಅನುಕೂಲಕ್ಕಾಗಿ’ ಯಾವಾಗ ಬೇಕಾದರೂ ಕರಾರನ್ನು ನಿಲ್ಲಿಸಬಹುದೆಂಬ ಕಲಮು ಅದರ ಕರಾರುಗಳಲ್ಲಿರುತ್ತದೆ. ಆಗ ಗುತ್ತಿಗೆದಾರನಿಗೆ ಮಾಡಿದ ಕೆಲಸದ ವೆಚ್ಚ ಸಿಗುತ್ತದೆ, ಮಾಡದ ಕೆಲಸದ ಲಾಭ ಸಿಗುವುದಿಲ್ಲ. ಲೂಸಿಯಾನಾದ ಫೋರ್ಟ್ ಪೋಕ್ ಎಂಬ ಸೇನಾ ನೆಲೆಯಲ್ಲಿ 2,000 ಮನೆ ಕಟ್ಟಲು ಸುಮಾರು 3 ಕೋಟಿ 29 ಲಕ್ಷ ಡಾಲರಿನ ಗುತ್ತಿಗೆಯಾಗಿತ್ತು. 1958ರಲ್ಲಿ ನೆಲೆಯನ್ನೇ ಮುಚ್ಚಲು ನಿಶ್ಚಯಿಸಿ ಗುತ್ತಿಗೆಯನ್ನು ರದ್ದು ಮಾಡಿದರು. ಗುತ್ತಿಗೆದಾರರು ಕಾಗದ ತೆಗೆದು ನೋಡಿದರೆ ಆ ಕಲಮೇ ಅದರಲ್ಲಿಲ್ಲ! 50 ಲಕ್ಷ ಡಾಲರಿಗೂ ಮೀರಿದ ಲಾಭ ನಮಗೆ ಬರಬೇಕು ಎಂದರು. 1963ರಲ್ಲಿ ನ್ಯಾಯಾಲಯ ತೀರ್ಪಿತ್ತಿತು: ಕಾನೂನಿನಂತೆ ಇರಲೇಬೇಕಾದ ಕಲಮು, ಬರೆಯಲು ಮರೆತಿದ್ದರೂ ಕರಾರಿನಲ್ಲಿ ಇದ್ದಂತೆಯೇ. ಯಾವನೋ ಗುಮಾಸ್ತನ ಮರೆವಿಗೆ ಬೊಕ್ಕಸ ದಂಡ ತೆರಬೇಕಾಗಿಲ್ಲವೆಂಬುದು ಇದರ ತಾತ್ಪರ್ಯ. ಗುತ್ತಿಗೆದಾರನ ದೃಷ್ಟಿಯಿಂದ ನೋಡಿದರೆ ಇದು ನ್ಯಾಯವೇ ಎಂಬ ಸಂದೇಹ ಉಳಿದೇ ಉಳಿಯುತ್ತದೆ.

ಆದರೆ ಗುತ್ತಿಗೆದಾರನೇ ತಪ್ಪು ಮಾಡಿದ್ದರೆ? ಆಗ ಕರಾರನ್ನು ‘ಲೋಪಕ್ಕಾಗಿ’ ರದ್ದು ಮಾಡಬಹುದು; ಕೊಟ್ಟ ಹಣವನ್ನೂ ಹಿಂದಕ್ಕೆ ಕೇಳಬಹುದು. ‘ಅನುಕೂಲಕ್ಕಾಗಿ’, ‘ಲೋಪಕ್ಕಾಗಿ’ – ಈ ಎರಡರಲ್ಲಿ ಯಾವುದನ್ನು ಬರೆಯಬೇಕೆಂಬ ಒಂದು ಪ್ರಶ್ನೆ ಇಪ್ಪತ್ತಮೂರು ವರ್ಷ ನ್ಯಾಯಾಲಯಗಳನ್ನು ಅಲೆಸಿದ ಕಥೆ ಎ–12 ವಿಮಾನದ್ದು.

ನೌಕಾಸೇನೆಯ ಹಡಗುಗಳ ಮೇಲಿಂದ ಹಾರಿ, ರೇಡಾರಿನ ಕಣ್ಣಿಗೆ ಬೀಳದೆ ಬಾಂಬು ಹಾಕಬಲ್ಲ ತ್ರಿಕೋನಾಕಾರದ ವಿಮಾನ ಅದು. 1988ರ ಜನವರಿಯಲ್ಲಿ ಮ್ಯಾಕ್‌ಡೊನೆಲ್ ಡಗ್ಲಸ್ ಮತ್ತು ಜನರಲ್ ಡೈನಮಿಕ್ಸ್ ಎಂಬ ಎರಡು ಕಂಪೆನಿಗಳು ಜೊತೆಗೂಡಿ ಅದನ್ನು ರೂಪಿಸುವ ಕರಾರಿಗೆ ಒಪ್ಪಿದವು. ಹೆಚ್ಚೆಂದರೆ 480 ಕೋಟಿ ಡಾಲರ್. ಅದಕ್ಕೆ ಮೇಲಾದರೆ ನಷ್ಟ ಕಂಪೆನಿಗಳದು. ಯಾರೂ ಕಟ್ಟಿ ನೋಡದ ವಿಮಾನಕ್ಕೆ ಮುಂಚೆಯೇ ಬೆಲೆಯ ಮಿತಿ ಕಟ್ಟಿದ್ದೇ ಮೊದಲ ತಪ್ಪೆಂದು ಹೇಳಬೇಕು. 1990ರ ಜೂನಿನಲ್ಲಿ ಮೊದಲ ವಿಮಾನ ಸಿದ್ಧವಾಗಬೇಕಾಗಿತ್ತು. ಆಗಲಿಲ್ಲ. ವಿಮಾನದ ತೂಕ ಏರಿತು, ಖರ್ಚು ಏರಿತು. ಎಲ್ಲವೂ ಸರಿಯಾಗಿದೆಯೆಂದು ಅದೇ ವಸಂತದಲ್ಲಿ ಕಾಂಗ್ರೆಸ್ಸಿಗೆ ತಿಳಿಸಿದ್ದ ರಕ್ಷಣಾ ಕಾರ್ಯದರ್ಶಿ ಡಿಕ್ ಚೇನಿ ಅವರಿಗೆ ಮುಖಭಂಗವಾಯಿತು. ಇದನ್ನೇಕೆ ನಿಲ್ಲಿಸಬಾರದೆಂದು ಡಿಸೆಂಬರಿನಲ್ಲಿ ಅವರು ನೌಕಾಸೇನೆಯನ್ನು ಕೇಳಿದರು. 1991ರ ಜನವರಿ 7, ಸೋಮವಾರ, ನೌಕಾಸೇನೆಯ ಕಂಟ್ರಾಕ್ಟಿಂಗ್ ಆಫೀಸರ್ ‘ಲೋಪಕ್ಕಾಗಿ’ ಎಂದು ಬರೆದು ಕರಾರನ್ನು ರದ್ದು ಮಾಡಿದ. ಹತ್ತು ದಿನಗಳಲ್ಲಿ ಕೊಲ್ಲಿ ಯುದ್ಧ ಮೊದಲಾಯಿತು. ಜನ ಇದನ್ನು ಮರೆತರು. ಆದರೆ ಸರಕಾರ ಅಷ್ಟರಲ್ಲಿ ಸುಮಾರು 270 ಕೋಟಿ ಡಾಲರ್ ಪಾವತಿ ಮಾಡಿತ್ತು. ಅದರಲ್ಲಿ 135 ಕೋಟಿಯನ್ನು ಹಿಂದಿರುಗಿಸಿರೆಂದು ಕೇಳಿತು. ಕಂಪೆನಿಗಳು ನ್ಯಾಯಾಲಯದ ಮೆಟ್ಟಲೇರಿದವು.

ಅಲ್ಲಿ ಎದ್ದ ಪ್ರಶ್ನೆ ವಿಮಾನದ್ದಲ್ಲ, ರುಜುವಿನದು. ಕಾನೂನಿನಂತೆ ಕಂಟ್ರಾಕ್ಟಿಂಗ್ ಆಫೀಸರ್ ತನ್ನ ಸ್ವಂತ ವಿವೇಚನೆಯಿಂದ ನಿರ್ಣಯಿಸಬೇಕು. ಈತ ಹಾಗೆ ನಿರ್ಣಯಿಸಿದನೇ, ಅಥವಾ ಮೇಲಿನವರು ಕೈಬಿಟ್ಟರೆಂದು ಬರೆದುಕೊಟ್ಟನೇ? 1996ರಲ್ಲಿ ವಿಚಾರಣಾ ನ್ಯಾಯಾಧೀಶರು, ಇದು ಮೇಲಿನವರ ತೀರ್ಮಾನ, ಆದುದರಿಂದ ‘ಅನುಕೂಲಕ್ಕಾಗಿ’ ಮಾಡಿದ ರದ್ದೆಂದೇ ಎಣಿಸಬೇಕು ಎಂದರು. 1998ರಲ್ಲಿ ಸರಕಾರವೇ ಕಂಪೆನಿಗಳಿಗೆ ಸುಮಾರು 120 ಕೋಟಿ ಡಾಲರ್ ಕೊಡಬೇಕೆಂದು ಆಜ್ಞೆಯಾಯಿತು. ಮರುವರ್ಷ ಮೇಲಿನ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಮತ್ತೆ ವಿಚಾರಣೆ, ಮತ್ತೆ ಅಪೀಲು. 2001ರಲ್ಲಿ ಒಂದು ತೀರ್ಪು, 2003ರಲ್ಲಿ ಅದು ರದ್ದು, 2007ರಲ್ಲಿ ಇನ್ನೊಂದು. ಇದರ ನಡುವೆ 1997ರಲ್ಲಿ ಮ್ಯಾಕ್‌ಡೊನೆಲ್ ಡಗ್ಲಸ್ ಬೋಯಿಂಗ್ ಕಂಪೆನಿಯಲ್ಲಿ ಲೀನವಾಗಿ, ವ್ಯಾಜ್ಯವೂ ಆಸ್ತಿಯೊಡನೆ ಬೋಯಿಂಗಿಗೆ ಬಂದಿತು.

ರೇಡಾರಿಗೆ ಕಾಣದಂತೆ ವಿಮಾನ ಕಟ್ಟುವ ಗುಟ್ಟು ಸರಕಾರಕ್ಕೆ ಮೊದಲೇ ತಿಳಿದಿತ್ತು, ನಮಗೆ ಹೇಳಲಿಲ್ಲ, ಅದರಿಂದಲೇ ತಡವಾಯಿತು ಎಂಬುದು ಕಂಪೆನಿಗಳ ವಾದ. ಅದು ರಾಷ್ಟ್ರರಹಸ್ಯ, ನ್ಯಾಯಾಲಯದಲ್ಲಿಯೂ ಬಾಯಿಬಿಡಲಾಗದು ಎಂದಿತು ಸರಕಾರ. 2011ರ ಮೇ 23ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳೆಲ್ಲ ಒಮ್ಮತದಿಂದ ಹೇಳಿದರು: ರಹಸ್ಯದ ಕಾರಣ ಸತ್ಯವನ್ನು ಪರೀಕ್ಷಿಸಲಾಗದಿದ್ದರೆ, ವ್ಯಾಜ್ಯ ಹೂಡಿದ ದಿನ ಯಾರು ಎಲ್ಲಿದ್ದರೋ ಅಲ್ಲಿಯೇ ಇರಲಿ.

ಕೊನೆಗೆ 2014ರ ಜನವರಿಯಲ್ಲಿ ರಾಜಿಯಾಯಿತು. ಕಂಪೆನಿಗಳು ಕೊಟ್ಟದ್ದು ಒಟ್ಟು ಸುಮಾರು 40 ಕೋಟಿ ಡಾಲರ್ ಬೆಲೆಯದು, ಅದೂ ರೋಕಡವಲ್ಲ. ಬೋಯಿಂಗ್ ನೌಕಾಸೇನೆಗೆ ಮೂರು ಗ್ರೌಲರ್ ವಿಮಾನಗಳನ್ನು ಕೊಟ್ಟಿತು. ಜನರಲ್ ಡೈನಮಿಕ್ಸ್ ತಾನು ಕಟ್ಟುತ್ತಿದ್ದ ಜುಮ್‌ವಾಲ್ಟ್ ವರ್ಗದ ಯುದ್ಧನೌಕೆಯ ಲೆಕ್ಕದಲ್ಲಿ ಅಷ್ಟು ಹಣವನ್ನು ಕಳೆದುಕೊಂಡಿತು. ಕಡತ ತೆರೆದಾಗ ಕಾನೂನು ಕಾಲೇಜಿನಿಂದ ಆಗತಾನೆ ಹೊರಬಂದಿದ್ದ ವಕೀಲನ ತಲೆ, ಅದು ಮುಚ್ಚುವ ಹೊತ್ತಿಗೆ ನರೆತಿರಬೇಕು. ಎ–12 ಒಂದೂ ಹಾರಲಿಲ್ಲ. ಪೂರ್ಣ ಗಾತ್ರದ ಮಾದರಿಯೊಂದನ್ನು ಮಾತ್ರ ಕಟ್ಟಿದ್ದರು. 1996ರಲ್ಲಿ ಅದನ್ನು ಟೆಕ್ಸಾಸಿನ ಫೋರ್ಟ್ ವರ್ತಿನಲ್ಲಿ ಸಾರ್ವಜನಿಕರಿಗೆ ತೋರಿಸಿದರು.