ಸಭೆಯ ವರ್ಷವೂ ಒಕ್ಕಲಿಗನ ವರ್ಷವೂ

ನಮ್ಮ ನಾಡಿನ ವರ್ಷವು ಯುಗಾದಿಗೆ ಮೊದಲಾಗುತ್ತದೆ. ಸರಕಾರದ ಲೆಕ್ಕದ ವರ್ಷವು ಏಪ್ರಿಲ್ 1ಕ್ಕೆ. ಕ್ರೈಸ್ತ ಸಭೆಯ ವರ್ಷವಾದರೋ ಕ್ರಿಸ್ತಜಯಂತಿಗೆ ಮುಂಚಿನ ನಾಲ್ಕನೆಯ ರವಿವಾರದಂದು, ಎಂದರೆ ನವಂಬರ 27ರಿಂದ ಡಿಸೆಂಬರ 3ರೊಳಗಿನ ಒಂದು ದಿನ, ಪ್ರಾರಂಭವಾಗುತ್ತದೆ. ಆಗಮನಕಾಲ, ಜಯಂತಿ, ಶ್ರಮಕಾಲ, ಪುನರುತ್ಥಾನ, ಪಂಚಾಶತ್ತಮ, ತ್ರಯೈಕ್ಯಕಾಲ ಎಂಬುದೇ ಅದರ ಕ್ರಮ.

ಈ ಕ್ರಮವು ನಮ್ಮ ಸೀಮೆಗೆ ದೂರದಿಂದ ಬಂದದ್ದು. ಬಾಸೆಲ್ ಮಿಶನ್ನಿನ ಬೋಧಕರು 1834ರಲ್ಲಿ ಮಂಗಳೂರಿಗೆ ಬಂದಿಳಿದು, 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ನೆಲೆಯೂರಿದರು. ಅವರ ತಾಯ್ನಾಡಿನಲ್ಲಿ ಆಗಮನಕಾಲವೆಂದರೆ ಹಿಮ ಬೀಳುವ, ಹಗಲು ಕುಗ್ಗಿದ ದಿನಗಳು; ಪುನರುತ್ಥಾನದ ಹಬ್ಬವೆಂದರೆ ಬೋಳುಮರಗಳು ಚಿಗುರುವ ಸಮಯ. ಕ್ರಿಸ್ತಚರಿತ್ರೆಯು ದೇಶೀಯ ಧಾಟಿಯಲ್ಲಿ ಕೇಳಿಬರಲೆಂದು ಕಿಟೆಲರು 1862ರಲ್ಲಿ 'ಕಥಾಮಾಲೆ'ಯನ್ನು ಹೊರತಂದರು. ಕಥೆಗೇನೋ ನಮ್ಮ ಧಾಟಿ ದೊರೆಯಿತು. ಹಬ್ಬಗಳಿಗೆ ನಮ್ಮ ಋತುಗಳು ಹೊಂದುವವೇ ಎಂಬ ಪ್ರಶ್ನೆ ಉಳಿಯುತ್ತದೆ. ಇದಕ್ಕೆ ಉತ್ತರವನ್ನು ಹಾನಗಲ್ಲ ಸೀಮೆಯ ಭತ್ತದ ಗದ್ದೆಗಳಲ್ಲಿ ಹುಡುಕೋಣ.

ಆಗಮನಕಾಲವು ಇಲ್ಲಿ ಸುಗ್ಗಿಯ ಕಾಲ. ಪೈರು ಕೊಯ್ದು ಕಣಕ್ಕೆ ಬಂದಿರುತ್ತದೆ. ಗಾಳಿಗೆ ತೂರಿದಾಗ ಕಾಳು ನಿಂತು ಹೊಟ್ಟು ಹಾರುತ್ತದೆ. ಬರಲಿರುವಾತನು ಕೈಯಲ್ಲಿ ಮೊರ ಹಿಡಿದು ಕಣವನ್ನು ಹಸನುಮಾಡುವನೆಂದು ಸ್ನಾನಿಕನಾದ ಯೋಹಾನನು ಸಾರಿದ ಮಾತನ್ನು ಹಿಮದ ನಾಡಿನವರು ಈ ದಿನಗಳಲ್ಲಿ ಓದಿಯಷ್ಟೇ ತಿಳಿಯಬೇಕು. ನಮ್ಮ ರೈತನು ಅದನ್ನು ಕಣ್ಣೆದುರೇ ಕಾಣುತ್ತಾನೆ. ಮಂಗಳೂರಿನ ಕ್ಯಾಥೊಲಿಕರು ಸಪ್ಟೆಂಬರ 8ರ ಮೊಂತಿ ಹಬ್ಬಕ್ಕೆ ಹೊಸ ತೆನೆಯನ್ನು ಆಶೀರ್ವದಿಸಿ ಮನೆಗೆ ತರುತ್ತಾರೆ. ಅನೇಕ ಪ್ರಾಟೆಸ್ಟಂಟ್ ಸಭೆಗಳಲ್ಲಿ ಬೆಳೆಯ ಮೊದಲ ಪಾಲನ್ನು ದೇವಾಲಯಕ್ಕೆ ತಂದು, ಆರಾಧನೆಯ ತರುವಾಯ ಲಿಲಾವು ಮಾಡುವುದುಂಟು. ರಾಶಿಯಾದೊಡನೆ ಸಾಲದ ಲೆಕ್ಕವೂ ಆಳುಗಳ ಕೂಲಿಯ ಲೆಕ್ಕವೂ ಎದುರು ನಿಲ್ಲುತ್ತವೆ. ಕೂಲಿಯನ್ನು ಬಾಕಿಯಿಟ್ಟು ಜಯಂತಿಯ ಹೊಸ ಬಟ್ಟೆ ಕೊಳ್ಳುವ ಗೃಹಸ್ಥನು ಆಗಮನಕಾಲವನ್ನು ಆಚರಿಸಿದಂತಾಗದು.

ಮುಂದೆ ಗದ್ದೆಗಳು ಬರಿದಾಗಿ, ಕೆರೆಗಳ ನೀರು ಇಳಿದು, ನೆಲ ಬಿರಿಯುವಾಗ ಶ್ರಮಕಾಲ ಬರುತ್ತದೆ. ಬೂದಿ ಬುಧವಾರದಿಂದ ತೊಡಗಿ, ರವಿವಾರಗಳನ್ನು ಬಿಟ್ಟು ಎಣಿಸಿದರೆ 40 ದಿನಗಳು. ಈ ದಿನಗಳಲ್ಲಿ ಕೆಲಸವಿಲ್ಲದ ಕೂಲಿಯವನ ಮನೆಯಲ್ಲಿ ಒಲೆಯು ತಾನಾಗಿಯೇ ಆರುವುದುಂಟು. ಆತನಿಗೆ ಉಪವಾಸವನ್ನು ಬೋಧಿಸುವುದು ಕ್ರೌರ್ಯ. ಉಪವಾಸವು ಉಣ್ಣುವವನ ವ್ರತ. ಬಿಟ್ಟ ತುತ್ತು ಮತ್ತೊಬ್ಬನ ಬಾಯಿಗೆ ಸೇರಿದರೇ ಅದು ಪೂರ್ಣವಾಗುವುದು. ಮಿಜೋರಾಮಿನ ಕ್ರೈಸ್ತ ಗೃಹಿಣಿಯರು ಅಡಿಗೆಗೆ ಅಕ್ಕಿ ಅಳೆಯುವಾಗಲೆಲ್ಲ ಒಂದು ಹಿಡಿಯನ್ನು ಬೇರೆ ತೆಗೆದಿಡುತ್ತಾರೆ. ಅಕ್ಕಿ ಬೆಳೆಯುವ ನಮ್ಮ ಸೀಮೆಯಲ್ಲಿ ಇದು ಯಾವ ತಾಯಿಗೂ ಕಷ್ಟವಾಗದ ವ್ರತ.

ಪುನರುತ್ಥಾನದ ದಿನವನ್ನು ಚಂದ್ರನಿಂದ ಗೊತ್ತುಮಾಡುತ್ತಾರೆ: ಮಾರ್ಚ 21ರಂದು ಇಲ್ಲವೆ ಅದರ ತರುವಾಯ ಬರುವ ಹುಣ್ಣಿಮೆಯ ಮುಂದಿನ ರವಿವಾರ. ಆ ಹುಣ್ಣಿಮೆಯು ಕೆಲವು ವರ್ಷ ಹೋಳಿಯದು, ಹೆಚ್ಚಿನ ವರ್ಷಗಳಲ್ಲಿ ದವನದ ಹುಣ್ಣಿಮೆ. ಆಗ ನಮ್ಮ ಹೊಲದಲ್ಲಿ ಹಸುರಿನ ಸುಳಿವೂ ಇರುವುದಿಲ್ಲ. ನೆಲವು ಸತ್ತಂತೆ ಕಾಣುವಾಗಲೇ ಜೀವವನ್ನು ಸಾರುವ ಹಬ್ಬವಿದು. ಕಣ್ಣಿಗೆ ಸಾಕ್ಷಿಯಿಲ್ಲದೆ ನಂಬುವುದನ್ನು ಇಲ್ಲಿಯವರು ಹೆಚ್ಚಾಗಿ ಕಲಿಯಬೇಕಾಗುತ್ತದೆ.

ಅಲ್ಲಿಂದ 50ನೆಯ ದಿನಕ್ಕೆ, ಮೇ 10ರಿಂದ ಜೂನ್ 13ರೊಳಗೆ, ಪಂಚಾಶತ್ತಮ. ಯೆಹೂದ್ಯರಿಗೆ ಅದು ಗೋದಿಯ ಪ್ರಥಮಫಲದ ಹಬ್ಬವಾಗಿತ್ತು. ನಮಗೆ ಬಿತ್ತನೆಯ ಹೊತ್ತು. ಗೋವಿನಜೋಳವು ಇಂದು ಎಷ್ಟೋ ಹೊಲಗಳನ್ನು ಆಕ್ರಮಿಸಿದೆಯಾದರೂ, ಮುಂಗಾರಿನ ಮೊದಲ ಹನಿಗಳನ್ನು ನೆಚ್ಚಿ ಕೂರಿಗೆಯಿಂದ ಭತ್ತ ಬಿತ್ತುವುದು ಈ ಸೀಮೆಯ ಹಳೆಯ ರೂಢಿ. ಬಿತ್ತುವವನು ತಿನ್ನಬಹುದಾದ ಕಾಳನ್ನೇ ಮಣ್ಣಿಗೆ ಒಪ್ಪಿಸುತ್ತಾನೆ. ಮೃಗಶಿರ ಮಳೆ ಹಿಡಿದರೆ ಮೊಳಕೆ. ಕೈಕೊಟ್ಟರೆ ಬೀಜವೂ ಹೋಯಿತು, ಬೀಜಕ್ಕೆ ಮಾಡಿದ ಸಾಲವೂ ಉಳಿಯಿತು. ಪ್ರಾರ್ಥಿಸಿದವನ ಹೊಲಕ್ಕೆ ಮಳೆ ತಪ್ಪದೆಂದು ಹೇಳಲು ನಮಗೆ ಧೈರ್ಯವಿಲ್ಲ. 1876-78ರ ಘೋರ ಕ್ಷಾಮವು ಮುಂಬಯಿ ಕರ್ನಾಟಕವನ್ನೂ ಮೈಸೂರು ಸೀಮೆಯನ್ನೂ ಸುಟ್ಟಾಗ ಪ್ರಾರ್ಥಿಸಿದವರೂ ಹಸಿದರು. ಆದುದರಿಂದ ಪಂಚಾಶತ್ತಮದ ವರವು ಮಳೆಯ ಕರಾರಲ್ಲ. ಭಯಪಟ್ಟು ಬಾಗಿಲಿಕ್ಕಿಕೊಂಡಿದ್ದ ಶಿಷ್ಯರನ್ನು ಬೀದಿಗೆ ತಂದ ಧೈರ್ಯವೇ ಆ ವರ; ಬೆಳೆ ಹೋದ ನೆರೆಯವನ ಬಾಗಿಲಿಗೆ ಕಾಳಿನ ಚೀಲವನ್ನು ಹೊತ್ತು ನಡೆಸುವುದೂ ಅದೇ.

ತರುವಾಯ ಆಗಮನಕಾಲದವರೆಗೆ ಸುಮಾರು ಆರು ತಿಂಗಳು ದೊಡ್ಡ ಹಬ್ಬಗಳು ವಿರಳ. ಈ ತ್ರಯೈಕ್ಯಕಾಲಕ್ಕೆ ಸಭೆಯು ಗೊತ್ತುಪಡಿಸಿದ ಬಣ್ಣವು ಹಸುರು. ನಮ್ಮ ಗದ್ದೆಗಳೂ ಆಗ ಅದೇ ಬಣ್ಣವನ್ನು ಉಡುತ್ತವೆ. ಎಡೆ ಹೊಡೆಯುವುದು, ಕಳೆ ಕೀಳುವುದು, ನೀರು ಕಾಯುವುದು, ಇವೇ ನಿತ್ಯದ ಕೆಲಸಗಳು. ನೆರೆಯ ಮನೆಯವರು ಸೀಗೆ ಹುಣ್ಣಿಮೆಗೆ ಹೊಲಕ್ಕೆ ಹೋಗಿ ತೆನೆ ತುಂಬಿದ ಭೂಮಿಯನ್ನು ಬಸುರಿಯೆಂದು ಸತ್ಕರಿಸುವುದೂ ಈ ಅವಧಿಯಲ್ಲಿಯೇ. ಭಕ್ತಿಯ ಬಹುಭಾಗವೂ ಇಂಥದೇ: ಹಬ್ಬದ ಉತ್ಸಾಹವಿಲ್ಲದ ದಿನ ಜಗಳವನ್ನು ನುಂಗುವುದು, ಮಕ್ಕಳಿಗೆ ಒಳ್ಳೆಯ ಮಾತು ಹೇಳುವುದು, ಮುದುಕರನ್ನು ನೋಡಿಕೊಳ್ಳುವುದು. ಕಳೆ ಕೀಳದ ಗದ್ದೆಗೆ ಸುಗ್ಗಿಯೆಲ್ಲಿ?

ಹೀಗೆ ದೂರದ ಪಂಚಾಂಗವು ಈ ಮಣ್ಣಿಗೆ ಪರಕೀಯವಾಗಿ ಉಳಿದಿಲ್ಲ. ಇಲ್ಲಿ ಅದು ಬೇರೆ ಅರ್ಥವನ್ನು ಪಡೆದು ಬೇರೂರಿದೆ. ಗೃಹಸ್ಥರಾದ ವಾಚಕರು ಸಭೆಯ ಹಬ್ಬಗಳನ್ನು ಮಳೆನಕ್ಷತ್ರಗಳ ಪಕ್ಕದಲ್ಲಿ ಬರೆದು ಗೋಡೆಗೆ ತೂಗಹಾಕಲಿ. ಬಿತ್ತುವ ದಿನದ ಸಂಜೆ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಬಿತ್ತುವವನ ಸಾಮ್ಯವನ್ನು ಓದಲಿ. ಅದನ್ನು ಅರ್ಥಮಾಡಿಸಲು ಬೋಧಕರು ಬೇಕಾಗಲಿಕ್ಕಿಲ್ಲ.