ಕೋಲಾರದ ಚಿನ್ನದ ಗಣಿಯ ಊರು

ಮಾರಿಕುಪ್ಪಂ ರೈಲು ನಿಲ್ದಾಣದಲ್ಲಿಳಿದ ವಾಚಕರ ಕಣ್ಣಿಗೆ ಮೊದಲು ಬೀಳುವುವು ಸಯನೈಡ್ ಗುಡ್ಡಗಳು. ಅದಿರನ್ನರೆದು ಚಿನ್ನವನ್ನೊಯ್ದ ಮೇಲೆ ಉಳಿದ ಪುಡಿಯಿದು. 1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಇಲ್ಲಿ ಕಾಲಿಟ್ಟರು. 1902ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು ತೊಂಬತ್ತಕ್ಕೂ ಮಿಕ್ಕ ಮೈಲಿಗಳನ್ನು ದಾಟಿ ಮೊದಲು ಬಂದುದು ಈ ಗಣಿಗಳಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದುದು 1905ರಲ್ಲಿ. ರಾಜಧಾನಿಯವರು ಇದನ್ನು ಮರೆತಂತಿದೆ! ಚಾಂಪಿಯನ್ ರೀಫ್ ಗಣಿಯಲ್ಲಿ ಮೂರು ಕಿಲೋಮೀಟರಿಗೂ ಮಿಗಿಲಾದ ಆಳದ ಬೇಗೆಯಲ್ಲಿ ಬೆಂದ ಕೂಲಿಕಾರರಿಗೆ ದೊರೆತುವಾದರೋ ಇಕ್ಕಟ್ಟಾದ ಸಾಲುಮನೆಗಳು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದುವು. ಅವರ ಮಕ್ಕಳು ಮುಂಜಾನೆಯ ರೈಲು ಹಿಡಿದು ಬೆಂಗಳೂರಿಗೆ ದುಡಿಯಹೋಗುವರು. ಗಾಳಿಯೆದ್ದರೆ ಗುಡ್ಡದ ಧೂಳು ಅದೇ ಸಾಲುಮನೆಗಳನ್ನು ಹೊಗುವುದು. ಗಣಿಯ ಒಡೆತನವನ್ನು ವಹಿಸಿದ್ದ ಕೇಂದ್ರ ಸರ್ಕಾರವಲ್ಲದೆ ಆ ಧೂಳಿಗೆ ಹೊಣೆ ಮತ್ತಾರೆಂದು ನಾವು ಕೇಳುತ್ತೇವೆ.