ಸೋತ ಆಜ್ಞೆಗೆ ಮರುಯತ್ನ: ಎಷ್ಟು ಸಲ, ಎಷ್ಟು ಬಿಡುವು?

ಉಂಡೆ ಕೊಬ್ಬರಿಯ ಪೇಟೆ ಧಾರಣೆ ಕುಸಿದು, ಕ್ವಿಂಟಲ್‌ಗೆ 12,000 ರೂಪಾಯಿ ಬೆಂಬಲ ಬೆಲೆಯೇ ಆಸರೆಯಾಗಿದ್ದ 2024ರಂತಹ ಹಂಗಾಮಿನಲ್ಲಿ ಅರಸೀಕೆರೆ ಸೀಮೆಯ ರೈತರು ತಮ್ಮ ಗುರುತಿನ ಫ್ರೂಟ್ಸ್ ಸಂಖ್ಯೆ ಕೊಟ್ಟು ಹೆಸರು ನೋಂದಾಯಿಸಲು ಒಮ್ಮೆಗೇ ಮುಗಿಬೀಳುವುದು ಸಹಜ. ಬೇಲೂರು, ಹಳೇಬೀಡಿನಲ್ಲಿ ಪಹಣಿಗೆ ಕಾಯುವವರಿಗೂ ‘ಸರ್ವರ್ ಡೌನ್’ ಎಂಬ ಉತ್ತರ ಹೊಸದಲ್ಲ. ಆಗ ಗುಂಡಿಯನ್ನು ಮತ್ತೆ ಮತ್ತೆ ಒತ್ತುವ ಕೆಲಸವನ್ನು ಕಂಪ್ಯೂಟರಿಗೂ ವಹಿಸಬಹುದು.

ಸಾಲಾಗಿ ನಡೆಯಬೇಕಾದ ಆಜ್ಞೆಗಳನ್ನು ಬರೆದಿಟ್ಟ ಕಡತವೇ ಸ್ಕ್ರಿಪ್ಟ್. ಯೂನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಪ್ರತಿ ಆಜ್ಞೆಯೂ ಮುಗಿಯುವಾಗ ಒಂದು ಸಂಖ್ಯೆಯನ್ನು ಹಿಂದಿರುಗಿಸುತ್ತದೆ. ಅದು 0 ಆದರೆ ಗೆಲುವು, ಬೇರೆ ಯಾವುದಾದರೂ ಸೋಲು. ‘ಅನ್‌ಟಿಲ್’ ಎಂಬ ಆವರ್ತನೆಯು 0 ಬರುವವರೆಗೆ ಆಜ್ಞೆಯನ್ನು ಮರಳಿ ನಡೆಸುತ್ತದೆ, ನಡುವೆ ‘ಸ್ಲೀಪ್ 5’ ಎಂದು ಬರೆದರೆ 5 ಸೆಕೆಂಡು ಸುಮ್ಮನಿರುತ್ತದೆ. ಈ ಬಿಡುವು ಇಲ್ಲದಿದ್ದರೆ ಮರುಯತ್ನವು ಬಳಲಿದ ಸರ್ವರಿನ ಮೇಲೆ ಇನ್ನಷ್ಟು ಹೊರೆ ಹೇರುತ್ತದೆ. ಎಲ್ಲ ಯಂತ್ರಗಳೂ ಒಂದೇ ಅಳತೆಯ ಬಿಡುವು ತೆಗೆದುಕೊಂಡರೂ ಅವು ಮತ್ತೆ ಒಂದೇ ಗಳಿಗೆಗೆ ಎರಗುತ್ತವೆ.

ಈ ತೊಡಕಿಗೆ 1970ರ ದಶಕದಲ್ಲಿ ರೂಪುಗೊಂಡ ಈಥರ್‌ನೆಟ್ ಜಾಲವು ಕೊಟ್ಟ ಪರಿಹಾರ ಇಂದಿಗೂ ಮಾದರಿಯೆನ್ನಬೇಕು. ಒಂದೇ ತಂತಿಯಲ್ಲಿ ಎರಡು ಯಂತ್ರಗಳ ಸಂದೇಶಗಳು ಡಿಕ್ಕಿಯಾದರೆ, ಪ್ರತಿಯೊಂದೂ ಮೊದಲ ಸಲ 0 ಅಥವಾ 1, ಎರಡನೆಯ ಸಲ 0ಯಿಂದ 3, ಮೂರನೆಯ ಸಲ 0ಯಿಂದ 7, ಹೀಗೆ ಹಿಗ್ಗುವ ವ್ಯಾಪ್ತಿಯೊಳಗಿಂದ ಒಂದು ಸಂಖ್ಯೆಯನ್ನು ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದಂತೆ, ಆರಿಸಿಕೊಂಡು ಅಷ್ಟು ಕಾಲಘಟಕ ಕಾಯುತ್ತದೆ. ಹತ್ತು ಮೆಗಾಬಿಟ್ ವೇಗದ ಜಾಲದಲ್ಲಿ ಒಂದು ಘಟಕವೆಂದರೆ 51.2 ಮೈಕ್ರೋಸೆಕೆಂಡು. ಹತ್ತನೆಯ ಡಿಕ್ಕಿಯ ಬಳಿಕ ವ್ಯಾಪ್ತಿ ಹಿಗ್ಗುವುದಿಲ್ಲ, 16 ಯತ್ನಗಳೂ ಸೋತರೆ ಯಂತ್ರವು ಕೈಬಿಟ್ಟು ದೋಷವನ್ನು ವರದಿ ಮಾಡುತ್ತದೆ. ದಟ್ಟಣೆ ಹೆಚ್ಚಿದಷ್ಟೂ ತಾನಾಗಿಯೇ ಹಿಂದೆ ಸರಿಯುವ ಈ ಸಂಯಮವೇ ಸಾವಿರಾರು ಯಂತ್ರಗಳು ಒಂದು ಸರ್ವರನ್ನು ಹಂಚಿಕೊಳ್ಳಲು ದಾರಿ ಮಾಡುತ್ತದೆ.

ಆದರೆ ಗುಪ್ತಪದವೇ ತಪ್ಪಿದ್ದರೆ ಎಷ್ಟು ಸಲ ಯತ್ನಿಸಿದರೂ ವ್ಯರ್ಥ. ಮರುಯತ್ನ ಸಲ್ಲುವುದು ತಾತ್ಕಾಲಿಕ ಸೋಲಿಗೆ ಮಾತ್ರ. ಇದಕ್ಕಿಂತ ಸೂಕ್ಷ್ಮವಾದ ಅಪಾಯವೊಂದಿದೆ: ರೈತನ ಹೆಸರು ದಾಖಲಾದರೂ ಆ ಸುದ್ದಿ ಹಿಂದಿರುಗುವ ದಾರಿಯಲ್ಲಿ ಸಂಪರ್ಕ ಕಡಿದರೆ, ಸ್ಕ್ರಿಪ್ಟ್ ಅದನ್ನು ಸೋಲೆಂದೇ ಬಗೆದು ಅದೇ ಹೆಸರನ್ನು ಇನ್ನೊಮ್ಮೆ ಕಳಿಸುತ್ತದೆ. ಆದ್ದರಿಂದ ಪ್ರತಿ ಕೋರಿಕೆಗೂ ಮೊದಲೇ ಒಂದು ವಿಶಿಷ್ಟ ಸಂಖ್ಯೆ ಕೊಟ್ಟು, ಮರುಯತ್ನದಲ್ಲೂ ಅದನ್ನೇ ಕಳಿಸಬೇಕು. ಆ ಸಂಖ್ಯೆಯನ್ನು ಮೊದಲೇ ಕಂಡಿದ್ದ ಸರ್ವರು ಎರಡನೆಯ ದಾಖಲೆ ಸೃಷ್ಟಿಸದೆ ಹಳೆಯ ಉತ್ತರವನ್ನೇ ಮರಳಿಸುತ್ತದೆ.